ನಗರದ ನಾಡಮರಗಳೂ ಅವುಗಳ ಬುಡದ ನೆಲವೂ

ಮುಂಗಾರಿಗೆ ಮುಂಚಿನ ಗಾಳಿಮಳೆ ಒಂದು ಸಂಜೆ ಬೆಂಗಳೂರಿನ ಮೇಲೆ ಹಾದುಹೋಯಿತೆಂದರೆ ಮರುದಿನ ಬಿದ್ದ ಮರಗಳ ಲೆಕ್ಕ ಪ್ರಕಟವಾಗುವುದು ಈಗ ವರ್ಷವರ್ಷವೂ ತಪ್ಪದೆ ನಡೆಯುವ ಸಂಗತಿಯಾಗಿದೆ. 2024ನೆಯ ಇಸವಿ ಜೂನ್ 2ನೆಯ ತಾರೀಖು ಒಂದೇ ದಿನದಲ್ಲಿ 111 ಮಿಲಿಮೀಟರುಗಳಷ್ಟು ಮಳೆ ಸುರಿದು ನೂರಾರು ಮರಗಳು ಉರುಳಿದುದನ್ನು ನಮ್ಮ ವಾಚಕ ಮಹಾಶಯರು ಮರೆತಿರಲಾರರು. ಇಂತಹ ಸಂದರ್ಭಗಳಲ್ಲಿ ಅಧಿಕಾರಿವರ್ಗದವರು ಹೇಳುವ ಸಮಾಧಾನವೊಂದುಂಟು: ಮರಗಳು ಹಳೆಯವು, ಗಾಳಿ ಬಲವಾದುದು, ಯಾರೇನು ಮಾಡಲಾದೀತು? ಈ ಸಮಾಧಾನವನ್ನು ನಾವು ಒಪ್ಪಲಾರೆವು. ಮುಪ್ಪೊಂದೇ ಮರವನ್ನು ಬೀಳಿಸುವುದಾಗಿದ್ದರೆ ಕೆಂಗೇರಿಯ ಆಚೆ ಕೇತೋಹಳ್ಳಿಯಲ್ಲಿರುವ ದೊಡ್ಡ ಆಲದ ಮರ ಎಂದೋ ನೆಲ ಸೇರಬೇಕಾಗಿತ್ತು. ಅದರ ವಯಸ್ಸು ಸುಮಾರು 400 ವರ್ಷವೆಂದು ಹೇಳುತ್ತಾರೆ. ಅದರ ಮೂಲಕಾಂಡ ರೋಗದಿಂದ ನಶಿಸಿಹೋಗಿ ಬಹುಕಾಲವಾಯಿತು. ಆದರೂ ಬಿಳಲುಗಳ ಮೇಲೆ ನಿಂತು ಸುಮಾರು ಮೂರು ಎಕರೆಗಳಷ್ಟು ನೆಲಕ್ಕೆ ಅದು ಇಂದಿಗೂ ನೆರಳು ಕೊಡುತ್ತಿರುವುದು. ಮೂಲಕಾಂಡ ಹೋದ ಮರ ನಿಂತಿರುವುದಕ್ಕೂ, ಮಲ್ಲೇಶ್ವರದಲ್ಲಿಯೋ ಜಯನಗರದಲ್ಲಿಯೋ ಅದರ ಕಾಲುಭಾಗದ ವಯಸ್ಸೂ ಆಗದ ಮರ ಬುಡಸಮೇತ ಮಗುಚುವುದಕ್ಕೂ ಕಾರಣವನ್ನು ಆಕಾಶದಲ್ಲಿ ಹುಡುಕಬೇಕಾದುದಿಲ್ಲ. ಬುಡದ ಕಡೆ ನೋಡಿದರೆ ಸಾಕು. ಅಲ್ಲಿ ಬಿಳಲು ಇಳಿದಲ್ಲೆಲ್ಲ ಮಣ್ಣುಂಟು. ಇಲ್ಲಿ ಬೇರು ಹೋದಲ್ಲೆಲ್ಲ ಕಾಂಕ್ರೀಟು ಉಂಟು.

ನಾವು ಇಂದು ಮುಖ್ಯವಾಗಿ ಪ್ರಸ್ತಾಪಿಸಬೇಕೆಂದಿರುವುದು ನಾಡಮರಗಳ ವಿಷಯವನ್ನು. ಆಲ, ಅರಳಿ, ಅತ್ತಿ, ಬಸರಿ, ಗೋಣಿ, ಹೊಂಗೆ, ಬೇವು, ನೇರಳೆ, ಮಾವು, ಹಲಸು ಇವುಗಳ ಕ್ಷಯ ನಗರದ ಒಟ್ಟು ಹಸುರಿನ ಕ್ಷಯಕ್ಕಿಂತಲೂ ಹೆಚ್ಚು ಚಿಂತೆಗೆ ಕಾರಣವಾದುದು. ಒಟ್ಟು ಹಸುರಿನ ಲೆಕ್ಕವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಹಿಂದೆಯೇ ಹಾಕಿ ತೋರಿಸಿರುವರು. 1973ರಲ್ಲಿ ನಗರದ ನೆಲದಲ್ಲಿ ನೂರಕ್ಕೆ 68 ಪಾಲಿನಷ್ಟಿದ್ದ ಹಸುರು 2013ರ ವೇಳೆಗೆ 15 ಪಾಲಿಗಿಂತಲೂ ಕೆಳಗಿಳಿದಿತ್ತು. ಏಳು ಮಂದಿ ಪೌರರಿಗೆ ಒಂದು ಮರವೆಂಬ ಲೆಕ್ಕವೂ ಅವರದೇ. ಉಳಿದ ಆ ಮರಗಳಲ್ಲಿ ಯಾವುದು ಯಾವ ಜಾತಿಯದು, ಎಳೆಯದೆಷ್ಟು, ಹಳೆಯದೆಷ್ಟು ಎಂದು ಕೇಳುವ ವಾಡಿಕೆ ನಮ್ಮ ಪೌರಕಚೇರಿಗಳಲ್ಲಿಲ್ಲ. ಅಲ್ಲಿ ಮರವೆಂದರೆ ಮರವೇ. ನೂರು ವರ್ಷದ ಆಲವೂ ಕಳೆದ ವರ್ಷ ನೆಟ್ಟ ಟಬೂಬಿಯಾ ಸಸಿಯೂ ಲೆಕ್ಕದ ಪುಸ್ತಕದಲ್ಲಿ ಒಂದೊಂದು ಗೆರೆ.

ಈ ಊರು ಯಾವ ಮರಗಳ ಊರಾಗಿತ್ತೆಂಬುದನ್ನು ಅದರ ಹೆಸರುಗಳೇ ಹೇಳುವುವು. ಹಲಸೂರಿನ ಹೆಸರು ಹಲಸಿನ ತೋಪಿನಿಂದ ಬಂದುದೆಂದು ಪ್ರತೀತಿ. ಮಾವಳ್ಳಿ, ಅತ್ತಿಗುಪ್ಪೆ, ಹುಣಸಮಾರನಹಳ್ಳಿ ಎಂಬ ಹೆಸರುಗಳಿಗೆ ವ್ಯಾಖ್ಯಾನ ಬೇಕಾಗಿಲ್ಲ. ಮಲ್ಲೇಶ್ವರದಲ್ಲಿ ಸಂಪಿಗೆಯ ರಸ್ತೆಯೊಂದು, ಬೇವಿಗೆ ಪರದೇಶದವರು ಕೊಟ್ಟ ಮಾರ್ಗೋಸಾ ಎಂಬ ಹೆಸರಿನ ರಸ್ತೆ ಮತ್ತೊಂದು. ಇನ್ನೊಂದು ತಲೆಮಾರು ಕಳೆದರೆ ಈ ಹೆಸರುಗಳು ಶಾಸನಗಳಂತೆ ಓದಿ ಅರ್ಥ ಹೇಳಬೇಕಾದ ವಸ್ತುಗಳಾದಾವೋ ಏನೋ.

ಗ್ರಾಮಗಳನ್ನು ನುಂಗಿ ಬೆಳೆದ ನಗರವಿದು. ಗ್ರಾಮಗಳೊಡನೆ ಅವುಗಳ ಗುಂಡುತೋಪುಗಳನ್ನೂ ಅದು ನುಂಗಿತು. ಗುಂಡುತೋಪೆಂದರೆ ಏನೆಂಬುದನ್ನು ನಮ್ಮ ಕಿರಿಯ ವಾಚಕರಿಗಾಗಿ ಎರಡು ಮಾತಿನಲ್ಲಿ ಹೇಳುವುದು ಅವಶ್ಯಕ. ಊರ ಹೊರಗೆ, ಬಹುಮಟ್ಟಿಗೆ ಕೆರೆಯ ಸಮೀಪದಲ್ಲಿ, ಮಾವು ಹುಣಸೆ ಹಲಸು ನೇರಳೆ ಹೊಂಗೆಗಳನ್ನು ನೆಟ್ಟು ಇಡೀ ಗ್ರಾಮದ ಸ್ವತ್ತೆಂದು ಬೆಳೆಸಿದ ತೋಪು ಅದು. ದಾರಿಗರ ಎತ್ತುಗಳು ಅಲ್ಲಿ ತಂಗುತ್ತಿದ್ದುವು. ಜಾತ್ರೆಯ ಅಡಿಗೆ, ಪಂಚಾಯಿತಿಯ ಕೂಟ, ಮಕ್ಕಳ ಮರಕೋತಿಯಾಟ ಎಲ್ಲಕ್ಕೂ ಅದೇ ಚಪ್ಪರ. ಫಲವನ್ನು ಹರಾಜು ಹಾಕಿ ಬಂದ ಹಣ ಊರ ಖರ್ಚಿಗೆ ಒದಗುತ್ತಿತ್ತು. ಕಂದಾಯದ ದಫ್ತರಗಳಲ್ಲಿ ಇಂದಿಗೂ ಗುಂಡುತೋಪೆಂಬ ಹೆಸರಿನಲ್ಲಿಯೇ ಅದಕ್ಕೆ ಸರ್ವೆ ನಂಬರುಂಟು. ಗ್ರಾಮ ನಗರದೊಳಗೆ ಸೇರಿದೊಡನೆ ಈ ತೋಪಿಗೆ ಒದಗಿದ ಗತಿಯನ್ನು ನೋಡಬೇಕು. ಗ್ರಾಮವೇ ಇಲ್ಲವಾದ ಮೇಲೆ ಅದನ್ನು ತನ್ನದೆನ್ನುವವರು ಯಾರು? ಸರ್ಕಾರದ ಸ್ವತ್ತೆಂದು ಎಣಿಕೆಯಾಗಿ, ಸರ್ಕಾರಕ್ಕೆ ನೆಲ ಬೇಕಾದಾಗಲೆಲ್ಲ ಮೊದಲು ಕಣ್ಣಿಗೆ ಬೀಳುವ ಖಾಲಿ ಜಾಗವಾಯಿತು. ಪಾಠಶಾಲೆ, ಆಸ್ಪತ್ರೆ, ಬಸ್ಸಿನ ನಿಲ್ದಾಣ, ವಸತಿಯ ನಿವೇಶನ, ಕಚೇರಿ: ಇವುಗಳಲ್ಲಿ ಒಂದೊಂದೂ ಲೋಕೋಪಯೋಗಿಯೇ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲ ಲೋಕೋಪಯೋಗಕ್ಕೂ ತೋಪೊಂದೇ ನೆಲ ಒದಗಿಸಬೇಕೆಂಬ ನಿಯಮ ಎಲ್ಲಿಂದ ಬಂದಿತು? ಖಾಸಗಿಯವರ ಜಮೀನಾದರೆ ಪರಿಹಾರ ಕೊಡಬೇಕು, ಮೊಕದ್ದಮೆ ನಡೆಸಬೇಕು. ತೋಪಿನ ಪರವಾಗಿ ವಕಾಲತ್ತು ಹಾಕುವವರಿಲ್ಲ. ಇಷ್ಟೇ ಅದರ ರಹಸ್ಯ.

ಇನ್ನು ಬೀದಿಯ ಮರಗಳು. 1874ರಿಂದ ಲಾಲ್‌ಬಾಗಿನ ಮೇಲ್ವಿಚಾರಣೆ ವಹಿಸಿದ್ದ ಕ್ಯಾಮೆರಾನ್ ಅವರೂ, 1908ರಿಂದ ಅವರ ಸ್ಥಾನದಲ್ಲಿದ್ದ ಜರ್ಮನಿಯ ಕ್ರುಂಬಿಗಲ್ ಅವರೂ ಹೊರದೇಶಗಳಿಂದ ಅನೇಕ ಮರಗಳನ್ನು ತರಿಸಿ ಬೆಳೆಸಿದರು. ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಯಾವುದಾದರೊಂದು ಬೀದಿ ಹೂವು ತುಂಬಿರಬೇಕೆಂಬುದು ಕ್ರುಂಬಿಗಲ್ ಅವರ ಯೋಜನೆ. ಮಡಗಾಸ್ಕರಿನ ಗುಲ್‌ಮೊಹರ್, ದಕ್ಷಿಣ ಅಮೇರಿಕದ ಜಕರಂಡಾ, ಅದೇ ಖಂಡದಿಂದ ಬಂದ ಮಳೆಮರ ಇವೆಲ್ಲ ನಮ್ಮ ಬೀದಿಗಳನ್ನು ಹೊಕ್ಕು ನಮ್ಮವೇ ಆಗಿರುವುವು. ಇವುಗಳ ಮೇಲೆ ನಮಗೆ ದ್ವೇಷವಿಲ್ಲ. ಪರದೇಶದ್ದೆಂಬ ಒಂದೇ ಕಾರಣದಿಂದ ಮರವನ್ನು ಹಳಿಯುವುದಾದರೆ ನಮ್ಮ ಅಡಿಗೆಮನೆಯ ಹುಣಸೆಯನ್ನೂ ಹೊರಗಟ್ಟಬೇಕಾದೀತು; ಅದರ ಮೂಲ ಆಫ್ರಿಕವೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಮಳೆಮರದಷ್ಟು ವಿಶಾಲವಾದ ನೆರಳನ್ನು ಬೆಂಗಳೂರಿನ ರಸ್ತೆಗಳಿಗೆ ಕೊಟ್ಟ ಮರ ಮತ್ತೊಂದು ಇದ್ದೀತೆ? ನಮ್ಮ ಆಕ್ಷೇಪಣೆ ಬೇರೆಯದು. ಆ ಕಾಲದವರು ಹೊರಗಿನದನ್ನು ನೆಟ್ಟಾಗ ಊರ ಸುತ್ತಲೂ ತೋಪುಗಳಿದ್ದುವು, ಹಿತ್ತಿಲುಗಳಿದ್ದುವು, ಊರ ಬಾಗಿಲಲ್ಲಿ ಅರಳಿಕಟ್ಟೆಯಿತ್ತು. ಹೂವಿನ ಮರಗಳು ಒಡವೆಯಂತೆ ಬಂದುವು. ಉಟ್ಟ ಬಟ್ಟೆ ಮೊದಲೇ ಇತ್ತು. ಈಗಿನವರು ಬಟ್ಟೆಯನ್ನು ಕಳಚಿ ಒಡವೆಯನ್ನಷ್ಟೇ ಉಳಿಸಹೊರಟಿರುವರು. ತಂತಿಯ ಕೆಳಗೆ ಹಿಡಿಸುವ, ಬೇಗ ಬೆಳೆಯುವ, ಎಲೆ ಕಡಿಮೆ ಉದುರಿಸುವ, ಮಾರ್ಚಿ ತಿಂಗಳಲ್ಲಿ ಹದಿನೈದು ದಿವಸ ಹೂಬಿಟ್ಟು ಛಾಯಾಚಿತ್ರಕ್ಕೆ ಒದಗುವ ಮರವೇ ಅವರಿಗೆ ಉತ್ತಮವಾದುದು.

ಆಲ ಅತ್ತಿ ಅರಳಿಗಳ ಕುಲಕ್ಕೂ ಇಂತಹ ಶೃಂಗಾರದ ಮರಕ್ಕೂ ಇರುವ ಅಂತರವನ್ನು ಅರಿಯಬೇಕಾದರೆ ಒಂದು ಅತ್ತಿಯ ಹಣ್ಣನ್ನು ಸೀಳಿ ನೋಡಿದರೆ ಸಾಕು. ನಾವು ಹಣ್ಣೆನ್ನುವುದರ ಒಳಗೆ ನೂರಾರು ಸಣ್ಣ ಹೂಗಳು ಅಡಗಿರುವುವು. ಅವುಗಳಿಗೆ ಪರಾಗವನ್ನು ಒಯ್ಯುವುದಕ್ಕೆ ಪ್ರತಿಯೊಂದು ಜಾತಿಗೂ ಬಹುಮಟ್ಟಿಗೆ ತನ್ನದೇ ಆದ ಒಂದು ಕಿರಿ ಕಣಜವುಂಟು. ಮರವಿಲ್ಲದೆ ಕಣಜವಿಲ್ಲ, ಕಣಜವಿಲ್ಲದೆ ಬೀಜವಿಲ್ಲ. ಒಂದೇ ಊರಿನ ಮರಗಳು ಬೇರೆ ಬೇರೆ ಕಾಲದಲ್ಲಿ ಕಾಯಿಬಿಡುವುದರಿಂದ ಯಾವ ತಿಂಗಳಲ್ಲಿಯೂ ಎಲ್ಲಿಯೋ ಒಂದು ಕಡೆ ಹಣ್ಣಿರುವುದು. ಕೋಗಿಲೆ, ಕುಟ್ರುಹಕ್ಕಿ, ಗೊರವಂಕ, ಬಾವಲಿ, ಅಳಿಲು ಇವುಗಳ ಬೇಸಗೆಯ ಅನ್ನವಾವುದೆಂದರೆ ಇದೇ. ಊರಿನಲ್ಲಿ ನೂರು ಆಲವಿದ್ದುದು ಹತ್ತಕ್ಕಿಳಿಯಿತೆಂದರೆ ಹೋದುದು ತೊಂಬತ್ತು ಮರಗಳು ಮಾತ್ರವೆಂದು ತಿಳಿಯಬಾರದು. ಒಂದರ ಹಣ್ಣು ಮುಗಿದಾಗ ಮತ್ತೊಂದರಲ್ಲಿ ತೊಡಗುವ ಸರಪಣಿಯೇ ತುಂಡಾಗುವುದು. ಮರದಿಂದ ಮರಕ್ಕೆ ಕೊಂಬೆ ಹಿಡಿದೇ ಸಾಗುವ ಕಾಡುಪಾಪವೆಂಬ ಪುಟ್ಟ ಪ್ರಾಣಿ ವಿಜ್ಞಾನ ಸಂಸ್ಥೆಯ ಆವರಣದಂತಹ ಕೆಲವು ಕಡೆಗಳಲ್ಲಿ ಇನ್ನೂ ಜೀವ ಹಿಡಿದುಕೊಂಡಿದೆ. ಕೊಂಬೆ ಕೊಂಬೆಗೆ ತಾಗದ ಬೀದಿಯನ್ನು ಅದು ದಾಟಲಾರದು. ಸಸ್ಯಶಾಸ್ತ್ರಜ್ಞರು ಹಿಂದೆ ತಮ್ಮ ಲ್ಯಾಟಿನ್ ಹೆಸರಿನಲ್ಲಿ ಮೈಸೂರನ್ನೇ ಸೇರಿಸಿ ಕರೆದಿದ್ದ ಮರ ನಮ್ಮ ಗೋಣಿ. ಅದನ್ನು ಗುರುತಿಸಬಲ್ಲ ವಿದ್ಯಾರ್ಥಿಗಳು ಇಂದು ಒಂದು ತರಗತಿಗೆ ಎಷ್ಟು ಮಂದಿ ಸಿಕ್ಕಾರು?

ಹೀಗಿರುವಲ್ಲಿ ಈ ಮರಗಳು ಸಾಯುವ ಬಗೆಯೇನು? ಕೊಡಲಿಯಿಂದ ಸಾಯುವುದು ಎಲ್ಲರಿಗೂ ಕಾಣುವುದು, ಅದಕ್ಕೆ ಪ್ರತಿಭಟನೆಯೂ ಆಗುವುದು. 2009ರಲ್ಲಿ ಮೆಟ್ರೋ ರೈಲಿಗಾಗಿ ಜಯನಗರದ ನಂದಾ ರಸ್ತೆಯ ಮರಗಳು ಉರುಳಿದಾಗ ಪೌರರು ಬೀದಿಗಿಳಿದರು. ಕಾಣದೆ ನಡೆಯುವ ಮರಣವೇ ಹೆಚ್ಚು. ದೊಡ್ಡ ಮರದ ಬೇರುಗಳು ಪಾತಾಳದವರೆಗೆ ಇಳಿದಿರುವುವೆಂದು ಜನ ಭಾವಿಸುವರು. ವಾಸ್ತವದಲ್ಲಿ ನೀರನ್ನೂ ಗಾಳಿಯನ್ನೂ ಹೀರುವ ಸೂಕ್ಷ್ಮ ಬೇರುಗಳಲ್ಲಿ ಬಹುಪಾಲು ನೆಲದ ಮೇಲ್ಭಾಗದ ಎರಡು ಮೂರು ಅಡಿಗಳಲ್ಲಿಯೇ ಹರಡಿ, ಕೊಂಬೆಗಳ ಅಂಚನ್ನೂ ದಾಟಿ ಹೋಗಿರುವುವು. ಬೇರಿಗೂ ಉಸಿರಾಟವುಂಟು. ಪಾದಚಾರಿಗಳ ದಾರಿಯನ್ನು ಅಂದಗೊಳಿಸುವ ನೆಪದಲ್ಲಿ ಬುಡದವರೆಗೂ ಕಾಂಕ್ರೀಟು ಸುರಿದೊಡನೆ ಆ ಉಸಿರು ಕಟ್ಟುವುದು. ಮಳೆನೀರು ಮೋರಿಗೆ ಹರಿದು ಬೇರಿಗೆ ಒಂದು ಬೊಗಸೆಯೂ ದೊರೆಯದಾಗುವುದು. ಇಷ್ಟಾದರೂ ಮರ ನಾಲ್ಕಾರು ವರ್ಷ ತಾಳಿಕೊಳ್ಳುತ್ತದೆ. ಅಷ್ಟರಲ್ಲಿ ಕುಡಿಯುವ ನೀರಿನ ಇಲಾಖೆಯವರು ಒಂದು ಕಡೆಯಿಂದ ಕಾಲುವೆ ತೋಡುವರು, ವಿದ್ಯುತ್ತಿನವರು ಮತ್ತೊಂದು ಕಡೆಯಿಂದ, ದೂರವಾಣಿಯ ತಂತಿಯವರು ಮೂರನೆಯ ಕಡೆಯಿಂದ. ಬುಡವನ್ನು ಹಿಡಿದು ನಿಲ್ಲಿಸಿದ್ದ ದಪ್ಪ ಬೇರುಗಳು ಒಂದೊಂದಾಗಿ ತುಂಡಾಗುವುವು. ತಂತಿಗೆ ತಾಗುವುದೆಂದು ಒಂದೇ ಪಾರ್ಶ್ವದ ಕೊಂಬೆಗಳನ್ನು ಕಡಿದು ಭಾರವನ್ನು ಮತ್ತೊಂದು ಪಾರ್ಶ್ವಕ್ಕೆ ನೂಕಿದುದೂ ಆಗಿರುವುದು. ಅಕ್ಕಪಕ್ಕದ ಮಹಡಿಮನೆಗೆ ನೆಲದಡಿಯಲ್ಲಿ ವಾಹನ ನಿಲ್ಲಿಸಲು ಎರಡಾಳು ಆಳ ಅಗೆದು ಒರತೆಯ ನೀರನ್ನು ಹಗಲಿರುಳು ಪಂಪು ಮಾಡಿ ಹೊರಕ್ಕೆ ಚೆಲ್ಲುವರು. ಇವೆಲ್ಲ ಮುಗಿದ ಮೇಲೆ ಮೇ ತಿಂಗಳ ಒಂದು ಸಂಜೆ ಗಾಳಿ ಬೀಸುವುದು. ವರದಿಯಲ್ಲಿ ಗಾಳಿಯ ಹೆಸರು ಮಾತ್ರ ಬರುವುದು.

ಕಾನೂನಿಲ್ಲವೆಂದು ಹೇಳುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಶಾಸನವು ಮರ ಕಡಿಯುವುದೆಂಬ ಮಾತಿಗೆ ಬಹಳ ವಿಶಾಲವಾದ ಅರ್ಥವನ್ನೇ ಕೊಟ್ಟಿದೆ. ಬುಡ ಕತ್ತರಿಸುವುದು ಮಾತ್ರವಲ್ಲದೆ ತೊಗಟೆ ಸುಲಿಯುವುದು, ಸುಡುವುದು, ಬೇರಾವುದಾದರೂ ರೀತಿಯಲ್ಲಿ ಕೆಡಿಸುವುದು ಎಲ್ಲವೂ ಅದರೊಳಗೆ ಸೇರಿರುವುವು. ಮರಗಳ ಗಣತಿ ಮಾಡಬೇಕೆಂಬ ಕರ್ತವ್ಯವನ್ನೂ ಅದೇ ಶಾಸನ ವಿಧಿಸಿದೆ. ಆದರೂ ಗಣತಿಯ ಕಾರ್ಯವನ್ನು ಕೈಗೊಳ್ಳುವಂತೆ ಉಚ್ಚ ನ್ಯಾಯಾಲಯದವರು ಆಜ್ಞಾಪಿಸಬೇಕಾಗಿ ಬಂದುದು ನಮ್ಮ ಪೌರಾಡಳಿತಕ್ಕೆ ಭೂಷಣವಲ್ಲ. ಕಾಂಡಕ್ಕೆ ಗರಗಸ ಹಾಕುವವನು ಅರ್ಜಿ ಕೊಡಬೇಕು. ಬೇರಿಗೆ ಗುದ್ದಲಿ ಹಾಕುವವನನ್ನು ಅರ್ಜಿ ಕೇಳಿದವರನ್ನು ನಾವು ಕಂಡಿಲ್ಲ. 50ಕ್ಕಿಂತ ಹೆಚ್ಚು ಮರಗಳನ್ನು ಕಡಿಯುವುದಾದರೆ ಸಾರ್ವಜನಿಕರ ಆಕ್ಷೇಪಣೆಗಳನ್ನು ಕರೆಯಬೇಕೆಂಬ ನಿಬಂಧನೆ ಬಂದ ಮೇಲೆ ಒಂದೇ ಕಾಮಗಾರಿಯನ್ನು ತುಂಡುಮಾಡಿ ಅರ್ಜಿಗಳನ್ನು ಸಲ್ಲಿಸುತ್ತಾರೆಂಬ ದೂರೂ ಪೌರರಿಂದ ಕೇಳಿಬಂದುದುಂಟು. ದೆಹಲಿಯ ವಿಷಯದಲ್ಲಿ ರಾಷ್ಟ್ರೀಯ ಹಸುರು ನ್ಯಾಯಮಂಡಳಿಯವರು 2013ರಲ್ಲಿ ಪ್ರತಿಯೊಂದು ಮರದ ಸುತ್ತ ಒಂದು ಮೀಟರಿನಷ್ಟು ಕಾಂಕ್ರೀಟನ್ನು ಕಿತ್ತು ಮಣ್ಣು ಬಿಡಬೇಕೆಂದು ಅಪ್ಪಣೆ ಮಾಡಿದರು. ನಮ್ಮ ಬಿಳಿ ಕಾಂಕ್ರೀಟಿನ ರಸ್ತೆಗಳನ್ನು ಹಾಸಿದವರು ಆ ಅಪ್ಪಣೆಯನ್ನು ಓದಿದಂತೆ ತೋರುವುದಿಲ್ಲ. ದೊಡ್ಡ ಆಲಕ್ಕೆ ಒಂದು ಮೀಟರು ಯಾವ ಮೂಲೆಗೆ ಎಂಬುದು ಬೇರೆ ಮಾತು.

ಇದು ನಮ್ಮ ಊರಿಗೊಂದಕ್ಕೇ ಅಂಟಿದ ರೋಗವೆಂದು ಯಾರೂ ಕುಗ್ಗಬೇಕಾದುದಿಲ್ಲ. ನಮ್ಮ ಕಾಫಿತೋಟಗಳಲ್ಲಿಯೂ ನಗರದಲ್ಲಿಯೂ ಸಿಲ್ವರ್ ಓಕ್ ಎಂಬ ಹೆಸರಿನಿಂದ ಬೆಳೆಯುವ ಮರ ಆಸ್ಟ್ರೇಲಿಯದ್ದು, ಓಕ್ ಜಾತಿಗೆ ಸೇರಿದುದೇ ಅಲ್ಲ. ನಿಜವಾದ ಓಕ್ ಮರಗಳ ನಾಡು ಅಮೇರಿಕದ ಕ್ಯಾಲಿಫೋರ್ನಿಯ. ಕನ್ನಡಿಗರು ಸಾವಿರಾರು ಮಂದಿ ಈಗ ಅಲ್ಲಿ ಗೃಹಸ್ಥರಾಗಿರುವರು. 1792ರಲ್ಲಿ ವ್ಯಾಂಕೂವರ್ ಎಂಬ ಆಂಗ್ಲ ನಾವಿಕನು ಸಾಂಟಾ ಕ್ಲಾರಾ ಕಣಿವೆಯಲ್ಲಿ ಪ್ರಯಾಣ ಮಾಡಿ, ಅದು ಓಕ್ ಮರಗಳನ್ನು ನೆಟ್ಟು ಬೆಳೆಸಿದ ಉದ್ಯಾನದಂತಿದೆಯೆಂದು ಬೆರಗಾದನು. ಅದೇ ಕಣಿವೆ ಇಂದಿನ ಸಿಲಿಕಾನ್ ಕಣಿವೆ. ಆ ಓಕ್‌ಗಳಲ್ಲಿ ಬಹುಪಾಲು ಮೊದಲು ಹಣ್ಣಿನ ತೋಟಗಳಿಗೆ, ಆಮೇಲೆ ಮನೆಗಳಿಗೂ ರಸ್ತೆಗಳಿಗೂ ಎಡೆಮಾಡಿಕೊಟ್ಟು ಮರೆಯಾದುವು. ಓಕ್‌ಲ್ಯಾಂಡ್ ಎಂಬ ನಗರ ತನ್ನ ಹೆಸರಿಗೆ ಕಾರಣವಾದ ಓಕ್ ತೋಪನ್ನು ಕಳೆದುಕೊಂಡುದು ನಮ್ಮ ಮಾವಳ್ಳಿ ಮಾವನ್ನು ಕಳೆದುಕೊಂಡಂತೆಯೇ. ಉಳಿದ ಮರಗಳಲ್ಲಿ ಕೆಲವು ಕಕ್ಕುಲಾತಿಯಿಂದಲೇ ಸತ್ತುವು: ಮಳೆಯಿಲ್ಲದ ಬೇಸಗೆಗೆ ಹೊಂದಿಕೊಂಡ ಮರದ ಬುಡದಲ್ಲಿ ಹುಲ್ಲುಹಾಸು ಬೆಳೆಸಿ ದಿನವೂ ನೀರು ಹಾಯಿಸಿದ್ದರಿಂದ ಬೇರಿಗೆ ಬೂಷ್ಟುರೋಗ ಹತ್ತಿ ಕೊಳೆತುಹೋದುವು. ಅಲ್ಲಿಯವರು ಇದರಿಂದ ಪಾಠ ಕಲಿತರೆಂಬುದನ್ನು ಗಮನಿಸಬೇಕು. ಆ ಕಣಿವೆಯ ಪಾಲೊ ಆಲ್ಟೊ ನಗರದವರು ನಾಡ ಓಕ್‌ಗಳನ್ನು ಹೆಸರಿಸಿ ರಕ್ಷಣೆಯ ಕಟ್ಟಳೆ ಮಾಡಿರುವರು. ಪಕ್ಕದಲ್ಲಿ ಕಟ್ಟಡ ಏಳುವಾಗ ಕಾಂಡದ ಅಡ್ಡಳತೆಯ ಹತ್ತರಷ್ಟು ದೂರದವರೆಗೆ ನೆಲಕ್ಕೆ ಬೇಲಿ ಹಾಕಿ ಕಾಯಬೇಕೆಂಬುದು ಅಲ್ಲಿಯ ಕ್ರಮ. ಮೂರಡಿ ಅಡ್ಡಳತೆಯ ಮರಕ್ಕೆ ಸುತ್ತಲೂ ಮೂವತ್ತಡಿ ನೆಲ. ನಮ್ಮ ಇಂಜಿನಿಯರುಗಳಿಗೆ ಈ ಲೆಕ್ಕ ಕಷ್ಟವಾಗದು.

ಕಡಿದ ಮರಕ್ಕೆ ಬದಲಾಗಿ ಹತ್ತು ಸಸಿ ನೆಡುತ್ತೇವೆಂಬುದು ಅಧಿಕಾರಿಗಳು ಸಾಮಾನ್ಯವಾಗಿ ಕೊಡುವ ಭರವಸೆ. ಹತ್ತು ಸಸಿಗಳನ್ನು ಎಲ್ಲಿ ನೆಡುವರು? ಮರ ಹೋದುದು ಬಸವನಗುಡಿಯಲ್ಲಾದರೆ ಸಸಿ ಬರುವುದು ಹೊರವಲಯದ ಯಾವುದೋ ಮೂಲೆಯಲ್ಲಿ. ಯಾವ ಜಾತಿಯದು, ಮೂರನೆಯ ವರ್ಷದಲ್ಲಿ ಎಷ್ಟು ಉಳಿದುವು ಎಂಬುದನ್ನು ಪ್ರಕಟಿಸುವ ಪದ್ಧತಿ ಇಲ್ಲ. ಆದರೆ ದೋಷವೆಲ್ಲವನ್ನೂ ಕಚೇರಿಯ ಮೇಲೆ ಹೊರಿಸಿ ಪೌರರು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಎಲೆ ಉದುರುವುದೆಂದೂ, ಹಕ್ಕಿಗಳು ಕಾರಿನ ಮೇಲೆ ಹಿಕ್ಕೆ ಹಾಕುವುವೆಂದೂ, ಬೇರು ಕಾಂಪೌಂಡನ್ನು ಬಿರಿಸುವುದೆಂದೂ ಅರ್ಜಿ ಬರೆಯುವವರು ನಮ್ಮ ವಿದ್ಯಾವಂತರೇ. ಬಾಗಿಲ ಮುಂದಿನ ಹೊಂಗೆಗೆ ರಾತ್ರೋರಾತ್ರಿ ಆಮ್ಲ ಹೊಯ್ಯುವವರೂ ಊರಿನಲ್ಲಿಲ್ಲದಿಲ್ಲ. ಭಕ್ತರ ಮಾತನ್ನೂ ಹೇಳಿಬಿಡುವುದು ಒಳ್ಳೆಯದು. ಅರಳಿಕಟ್ಟೆಗಳು ಇಷ್ಟಾದರೂ ಉಳಿದಿರುವುದು ಭಕ್ತಿಯಿಂದಲೇ. ಪ್ರದಕ್ಷಿಣೆ ಹಾಕುವ ಮುತ್ತೈದೆಯರು ಯಾವ ಶಾಸನಕ್ಕಿಂತಲೂ ಚೆನ್ನಾಗಿ ಅವನ್ನು ಕಾದರು. ಈಗ ಅದೇ ಭಕ್ತಿ ದಾನಿಗಳ ಹಣವನ್ನು ಹಿಡಿದುಕೊಂಡು ಬಂದು ಕಟ್ಟೆಯ ಮೇಲೆ ಕಾಂಡದವರೆಗೂ ಗ್ರಾನೈಟು ಹಾಸುತ್ತಿದೆ. ನಾಗರಕಲ್ಲಿಗೆ ಎರೆದ ಹಾಲು ನೀರು ಬೇರಿಗೆ ಇಳಿಯದೆ ಕೊಳವೆಯಲ್ಲಿ ಹರಿದುಹೋಗುವಂತೆ ಏರ್ಪಾಡಾಗಿರುವ ಕಟ್ಟೆಗಳು ನಮ್ಮ ನಗರದಲ್ಲಿ ಬೇಕಾದಷ್ಟಿರುವುವು.

ಮನಸ್ಸು ಮಾಡಿದರೆ ಆಗುವುದಿಲ್ಲವೆಂದಲ್ಲ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟುವುದಕ್ಕಾಗಿ 812 ಮರಗಳನ್ನು ಕಡಿಯಬೇಕೆಂದು ನಿಶ್ಚಯವಾದಾಗ 2016ರ ಅಕ್ಟೋಬರ್ 16ರಂದು ಪೌರರು ಸಾವಿರಾರು ಮಂದಿ ಕೈಕೈ ಹಿಡಿದು ದಾರಿಯುದ್ದಕ್ಕೂ ನಿಂತರು. 2017ರ ಮಾರ್ಚಿಯಲ್ಲಿ ಸರ್ಕಾರದವರು ಆ ಯೋಜನೆಯನ್ನು ಕೈಬಿಟ್ಟರು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೂ ಕುದೂರಿಗೂ ನಡುವೆ ಸಾಲುಮರದ ತಿಮ್ಮಕ್ಕನವರು ಪತಿಯೊಡನೆ ನೀರು ಹೊತ್ತು ಬೆಳೆಸಿದ ಆಲದ ಸಾಲಿಗೆ 2019ರಲ್ಲಿ ರಸ್ತೆ ಅಗಲ ಮಾಡುವ ಕೆಲಸದಿಂದ ಗಂಡಾಂತರ ಒದಗಿದಾಗ ಆಕೆಯ ಮೊರೆಯನ್ನು ಕೇಳಿ ಮರಗಳನ್ನು ಉಳಿಸಿ ಬೇರೆ ದಾರಿ ನೋಡುವಂತೆ ಸರ್ಕಾರದಿಂದಲೇ ಸೂಚನೆ ಹೊರಟಿತು. ಮರ ನೆಟ್ಟವರು ಆಗ ಬದುಕಿದ್ದರು, ಪದ್ಮಶ್ರೀಯನ್ನೂ ಅದೇ ವರ್ಷ ಪಡೆದಿದ್ದರು. 2025ರ ನವೆಂಬರಿನಲ್ಲಿ ಆ ತಾಯಿ ತೀರಿಕೊಂಡರು. ನೆಟ್ಟವರ ಹೆಸರು ಯಾರಿಗೂ ತಿಳಿಯದ ಮರಗಳ ಪರವಾಗಿ ಮೊರೆಯಿಡುವವರು ಯಾರೆಂಬುದೇ ಈಗಿನ ಪ್ರಶ್ನೆ.

ಒಂದಾಗಿದ್ದ ಮಹಾನಗರ ಪಾಲಿಕೆಯನ್ನು 2025ರಲ್ಲಿ ಐದಾಗಿ ವಿಂಗಡಿಸಿದ್ದಾಗಿದೆ. ಮರದ ಕೊಂಬೆ ಒಂದು ಪಾಲಿಕೆಯಲ್ಲಿಯೂ ಬೇರು ಮತ್ತೊಂದರಲ್ಲಿಯೂ ಇದೆಯೆಂಬ ವಾದ ಹುಟ್ಟುವುದಕ್ಕೆ ಮುಂಚೆ ಐದು ಪಾಲಿಕೆಗಳೂ ಸೇರಿ ಕೆಲವು ಕೆಲಸಗಳನ್ನು ಮಾಡಿಬಿಡಬೇಕೆಂದು ನಾವು ಆಗ್ರಹಪಡಿಸುತ್ತೇವೆ. ಗಣತಿಯಲ್ಲಿ ಜಾತಿಯನ್ನೂ ಸುತ್ತಳತೆಯನ್ನೂ ಬರೆದು ಪ್ರತಿಯೊಂದು ವಾರ್ಡಿನ ಪಟ್ಟಿಯನ್ನೂ ಕನ್ನಡದಲ್ಲಿ ಪ್ರಕಟಿಸಲಿ. ಬೀದಿ ಅಗೆಯುವ ಯಾವ ಇಲಾಖೆಯೇ ಆಗಲಿ, ಹಳೆಯ ಮರದ ಬೇರಿನ ನೆಲದಲ್ಲಿ ಕಾಲಿಡುವ ಮುನ್ನ ವೃಕ್ಷಾಧಿಕಾರಿಯ ಲಿಖಿತ ಒಪ್ಪಿಗೆ ಪಡೆಯತಕ್ಕದ್ದೆಂದು ನಿಯಮವಾಗಲಿ. ಕಂಟ್ರಾಕ್ಟರರ ಬಿಲ್ಲಿಗೆ ಹಣ ಸಲ್ಲುವುದು ಆ ಒಪ್ಪಿಗೆಯನ್ನು ಲಗತ್ತಿಸಿದ ಮೇಲೆಯೇ ಆಗಲಿ. ವೃಕ್ಷಾಧಿಕಾರಿಗಳ ಸಂಖ್ಯೆ ಈ ಕೆಲಸಕ್ಕೆ ಸಾಲದೆಂದು ಹೇಳುವರು. ಸಾಲದಿದ್ದರೆ ಹೆಚ್ಚಿಸಲಿ, ಮೇಲ್ಸೇತುವೆಗಳ ಇಂಜಿನಿಯರುಗಳ ಸಂಖ್ಯೆ ಎಂದೂ ಸಾಲದೆಹೋದುದನ್ನು ನಾವು ಕೇಳಿಲ್ಲ. ಸಸ್ಯಕ್ಷೇತ್ರಗಳಲ್ಲಿ ಆಲ ಅತ್ತಿ ಗೋಣಿ ನೇರಳೆಗಳ ಸಸಿಗಳನ್ನು ಆಳೆತ್ತರ ಬೆಳೆಸಿ, ಶಾಲೆ ಕಾಲೇಜು ಆಸ್ಪತ್ರೆ ಕೆರೆದಂಡೆಗಳಂತಹ ವಿಶಾಲವಾದ ಕಡೆಗಳಲ್ಲಿ ನೆಡಲಿ. ಇಕ್ಕಟ್ಟಾದ ಬೀದಿಗೆ ಆಲವನ್ನು ನೆಟ್ಟು ಮುಂದಿನವರಿಗೆ ಕಡಿಯುವ ಪಾಪವನ್ನು ಉಳಿಸುವುದು ಬೇಡ, ಅಲ್ಲಿಗೆ ಹೊಂಗೆಯೂ ಬೇವೂ ಸಾಕು. ಇವೆಲ್ಲಕ್ಕೂ ಮೊದಲು ಕಂದಾಯ ಇಲಾಖೆಯವರು ತಮ್ಮ ದಫ್ತರಗಳಲ್ಲಿ ಗುಂಡುತೋಪೆಂದು ನಮೂದಾಗಿರುವ ಸರ್ವೆ ನಂಬರುಗಳನ್ನೆಲ್ಲ ಪಟ್ಟಿಮಾಡಿ, ಯಾವುದರಲ್ಲಿ ಇಂದು ಏನಿದೆಯೆಂಬುದನ್ನು ನಕ್ಷೆಯೊಡನೆ ಸಾರ್ವಜನಿಕರ ಮುಂದಿಡಬೇಕು. ಮರ ಉಳಿದಿರುವ ತೋಪುಗಳನ್ನು ಬೇರಾವ ಉದ್ದೇಶಕ್ಕೂ ಕೊಡಲಾಗದಂತೆ ಕಾದಿರಿಸಬೇಕು. ದಫ್ತರಗಳು ತಾಲ್ಲೂಕು ಕಚೇರಿಯಲ್ಲಿಯೇ ಇರುವುವು. ಈ ಪಟ್ಟಿಗೆ ಹೊಸ ಶಾಸನವೂ ಬೇಕಿಲ್ಲ, ಸಾಲದ ಹಣವೂ ಬೇಕಿಲ್ಲ. ಮುಂದಿನ ಮುಂಗಾರಿನೊಳಗೆ ಅದನ್ನು ಪ್ರಕಟಿಸಲು ಇಲಾಖೆಯವರಿಗೆ ಅಡ್ಡಿಯೇನಿದೆಯೆಂಬುದನ್ನು ಅವರೇ ತಿಳಿಸಬೇಕು.